ಕುರ್ಚಿ ಬ್ಯಾಂಡಿನ ಮೊದಲ ಸುರ

ನಮ್ಮ ಬ್ಯಾಂಡಿನ ಕಾರ್ಯಕ್ರಮ ಇರುವ ದಿನ ಬೆಳಗಿನಿಂದಲೇ ನನ್ನ ಚಿಂತೆ ಶುರುವಾಗುತ್ತದೆ. ಟೆಂಪೋ ಬರುತ್ತದೋ ಇಲ್ಲವೋ, ಬಂದರೂ ದಾರಿಯಲ್ಲಿ ಕೆಟ್ಟು ನಿಲ್ಲುತ್ತದೋ, ನನ್ನ ಕ್ಲಾರಿನೆಟ್ಟಿನ ರೀಡು ಸೀಳುತ್ತದೋ, ಆಕಾಶದಲ್ಲಿ ಮೋಡದ ಚೂರೂ ಇಲ್ಲದಿದ್ದರೂ ಮಳೆ ಹೊಯ್ಯುತ್ತದೋ. ಇವೆಲ್ಲ ಮುಗಿದರೆ ಕುರ್ಚಿಗಳ ಚಿಂತೆ. “ನಮ್ಮ ಮಗಳು ಮಳಿ ಬರೂಕಿಂತ ಮೊದ್ಲೇ ತೊಯ್ಸಿಕೊಂಡು ಕುಂದರ್ತಾಳ ನೋಡ್ರಿ” ಎಂದು ಅಪ್ಪ ಎಲ್ಲರೆದುರು ನಗುತ್ತಿದ್ದ. ಅವ್ವನದು ಇನ್ನೊಂದು ಮಾತು, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವವಳು ಎಂದು. ಇರಲಿ. ಚಿತ್ತಾಪುರದ ದವಾಖಾನೆಯಲ್ಲಿ ನಾನು ನರ್ಸು. ಬಾಗಿಲಿನಿಂದ ಯಾವ ಕೇಡು ಒಳಗೆ ಬರುತ್ತದೋ ಎಂದು ಕಾಯುವುದೇ ನನ್ನ ಉದ್ಯೋಗ. ಮನೆಗೆ ಬಂದ ಮೇಲೆ ಆ ಅಭ್ಯಾಸವನ್ನು ಸೀರೆಯ ಹಾಗೆ ಬಿಚ್ಚಿ ಗೂಟಕ್ಕೆ ಹಾಕಲು ಆಗುವುದಿಲ್ಲ.

ಆದರೆ ಅಷ್ಟೊಂದು ಅಂಜುವ ನನಗೆ, ನಿಜವಾಗಿ ಅಂಜಬೇಕಾದದ್ದು ಕಣ್ಣೆದುರಿಗೇ ಇದ್ದದ್ದು ಭಾಳ ತಡವಾಗಿ ಕಂಡಿತು. ಅದನ್ನು ಹೇಳಬೇಕಾದರೆ ಬ್ಯಾಂಡಿನ ಕಥೆಯನ್ನೇ ಹೇಳಬೇಕು.

ಬ್ಯಾನರಿನ ಮೇಲೆ ನಮಗೊಂದು ಉದ್ದನೆಯ ಹೆಸರಿದೆ. ಅದನ್ನು ನಾವೇ ಮರೆತಿದ್ದೇವೆ. ಶಹಾಬಾದ, ವಾಡಿ, ಚಿತ್ತಾಪುರ ಎಲ್ಲಿ ಹೋದರೂ ಜನ “ಕುರ್ಚಿ ಬ್ಯಾಂಡಿನವ್ರು ಬಂದ್ರು” ಅನ್ನುತ್ತಾರೆ. ಯಾಕೆಂದರೆ ನಮ್ಮ ಕುರ್ಚಿ ನಾವೇ ಒಯ್ಯುತ್ತೇವೆ. ನೀಲಿ ಬಣ್ಣದ, ಮಡಚುವ ಕಬ್ಬಿಣದ ಕುರ್ಚಿಗಳು. ಟೆಂಪೋದಲ್ಲಿ ಮೊದಲು ಅವು ಹತ್ತಬೇಕು, ಆಮೇಲೆ ವಾದ್ಯ, ಜಾಗ ಉಳಿದರೆ ಮನುಷ್ಯರು. ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ ಗೊತ್ತಾಗಿದೆ. ಅಪ್ಪನ ಕುರ್ಚಿಯ ಒಂದು ಕಾಲು ಗಿಡ್ಡ. ಅದರ ಕೆಳಗೆ ಇಡಲು ತೆಳುವಾದ ಫರಸಿ ಕಲ್ಲಿನ ತುಂಡೊಂದನ್ನು ಅವನು ಯಾವಾಗಲೂ ಕಿಸೆಯಲ್ಲಿ ಇಟ್ಟುಕೊಂಡಿರುತ್ತಿದ್ದ.

ಅಪ್ಪ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕೆಲಸದವನು. ವರ್ಷದ ಹೆಚ್ಚಿನ ಕಾಲ ಕಲ್ಲು ಕೊಯ್ಯುವ ಮಶೀನಿನ ಮುಂದೆ ನಿಲ್ಲುವುದು, ಲಗ್ನದ ಹಂಗಾಮಿನಲ್ಲಿ ವಾಡಿಯ ಒಬ್ಬ ಮಾಲೀಕನ ಬ್ಯಾಂಡಿನಲ್ಲಿ ಊದುವುದು. ನಮ್ಮ ಓಣಿಯ ಎಷ್ಟೋ ಜನ ಹಾಗೆಯೇ ಎರಡು ಕೆಲಸದವರು. ಅಪ್ಪನ ಪಾಲಿಗೆ ಬಂದದ್ದು ಯುಫೋನಿಯಂ, ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ಊದುವ, ಅಗಲ ಬಾಯಿಯ ಹಿತ್ತಾಳೆ ವಾದ್ಯ. ಲಗ್ನದಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುವ ಮಾತೆಲ್ಲಿ? ಕುದುರೆಯ ಮುಂದೆ ನಡೆಯುತ್ತ, ಎದೆಗೆ ಅವುಚಿಕೊಂಡು ಊದಬೇಕು.

ಒಂದು ಲಗ್ನದ ಸಂಗತಿ ಅಪ್ಪ ನಗುತ್ತಲೇ ಹೇಳುತ್ತಿದ್ದ. ಊರಿನ ಹೆಸರು ಮಾತ್ರ ಯಾವತ್ತೂ ಹೇಳಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಮೆರವಣಿಗೆ ಮುಗಿಸಿ ಬಂದು, ಪೆಂಡಾಲಿನ ಹಿಂದಿನ ಸಾಲಿನಲ್ಲಿ ಖಾಲಿ ಇದ್ದ ಒಂದು ಕುರ್ಚಿಯ ಮೇಲೆ ಕುಳಿತನಂತೆ. ಹುಡುಗಿಯ ಕಡೆಯ ಹಿರಿಯನೊಬ್ಬ ಬಂದು, ಸಿಟ್ಟು ಮಾಡದೆ, ನೀರು ಕೇಳಿದಷ್ಟು ಸಹಜವಾಗಿ, “ಏಳಪಾ, ಅವು ಮಂದಿಗಿ ಹಾಕಿದ್ದು” ಅಂದನಂತೆ. ಅಪ್ಪ ಎದ್ದ. ಎದ್ದದ್ದಕ್ಕೆ ತನಗೆ ತಾನೇ ಎಷ್ಟು ವರ್ಷ ಬೈದುಕೊಂಡನೋ ಗೊತ್ತಿಲ್ಲ, ನಗುವಿನ ಕೊನೆಗೆ ಅವನ ಮುಖ ಸಪ್ಪಗಾಗುತ್ತಿತ್ತು.

ಆಮೇಲೆ ಡಿಜೆ ಬಂತು. ಲಗ್ನದವರಿಗೆ ಬ್ಯಾಂಡು ಬೇಡವಾಯಿತು. ಮಾಲೀಕ ಪೀಪಿ, ಡ್ರಮ್ಮುಗಳನ್ನು ಗುಜರಿಗೆ ಹಾಕುವ ಬದಲು ಊದುವವರಿಗೇ ಬಿಟ್ಟುಕೊಟ್ಟ. ಎಲ್ಲರೂ ಕೂಡಿ ಅಪ್ಪನನ್ನೇ ಹಿರಿಯನನ್ನಾಗಿ ಮಾಡಿದರು. “ಅಳಿದೂರಿಗೆ ಉಳಿದವನೇ ಗೌಡ” ಎಂದು ಅವ್ವ ಚುಡಾಯಿಸಿದಳು. ಗೌಡಕಿ ಸಿಕ್ಕ ಮೇಲೆ ಅಪ್ಪ ಮೂರು ಕಟ್ಟಳೆ ಹಾಕಿದ: ಲಗ್ನಕ್ಕೆ ಹೋಗುವುದಿಲ್ಲ, ಊದಿದ್ದಕ್ಕೆ ರೊಕ್ಕ ಮುಟ್ಟುವುದಿಲ್ಲ, ನಿಂತು ಊದುವುದಿಲ್ಲ. ಕುಳಿತು ಊದಬೇಕು, ಕುಳಿತವರೇ ಕೇಳಬೇಕು. ಚಹಾ ಮತ್ತು ಚುರುಮುರಿ ಸುಸಲಾ ಕೊಟ್ಟರೆ ಸಾಕು.

ಮೊದಲು ಜನ ನಕ್ಕರು. ಬ್ಯಾಂಡಿನವರು ಕುಳಿತರೆ ಕೈಕಾಲು ಹೋದವರ ಹಾಗೆ ಕಾಣುತ್ತಾರೆ ಎಂದವರೂ ಇದ್ದರು. ಆದರೆ ನಮ್ಮ ಓಣಿಯ ಏಪ್ರಿಲ್ ಜಯಂತಿಯಲ್ಲಿ ಮೊದಲ ಬಾರಿ ಸಾಲಾಗಿ ಕುಳಿತು ಬಾರಿಸಿದಾಗ ಎದುರಿಗಿದ್ದವರು ಕುಣಿಯಲಿಲ್ಲ, ಮಾತಾಡಲಿಲ್ಲ, ಸುಮ್ಮನೆ ಕೇಳಿದರು. ಅಷ್ಟು ದಿನ ಊದಿದರೂ ತಮ್ಮ ವಾದ್ಯದ ದನಿ ಏನೆಂದು ತಮಗೇ ಅವತ್ತು ತಿಳಿಯಿತು ಎಂದು ಅಪ್ಪ ಹೇಳುತ್ತಿದ್ದ.

ಸೇಡಂನಲ್ಲೊಮ್ಮೆ ಕುರ್ಚಿ ತುಂಬಿದ ಟೆಂಪೋ ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿತು. ನಾವು ಬಸ್ಸಿನಲ್ಲಿ ಮೊದಲೇ ತಲುಪಿದ್ದೆವು. ಅತಿಥಿಗಳು ಬಂದು ಕುಳಿತರು, ದೀಪ ಹಚ್ಚಿದರು, ಕಾರ್ಯಕ್ರಮದವರು “ಇದೊಂದ್ಸಲ ನಿಂತೇ ಬಾರಿಸ್ರಿ” ಎಂದು ಕೈಮುಗಿದರು. ಅಪ್ಪ ಜಗ್ಗಲಿಲ್ಲ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೊನೆಗೆ ಎದುರಿನ ಕಿರಾಣಿ ಅಂಗಡಿಯವರು, ಕೊರಳಲ್ಲಿ ಲಿಂಗ ಕಟ್ಟಿದ ಹಿರಿಯರು, ತಮ್ಮ ಅಂಗಡಿಯ ಸ್ಟೂಲು, ಪಕ್ಕದ ಹೊಟೇಲಿನ ಬೆಂಚು, ಮನೆಯೊಳಗಿನ ಕುರ್ಚಿ ಎಲ್ಲ ತಂದು ಹಾಕಿಸಿ “ಕುಂದ್ರಿ” ಅಂದರು. ಅವತ್ತಿನ ಬಾರಿಸಾಟ ಕೇಳಿ ಅವರಿಗೆ ಹುಚ್ಚು ಹಿಡಿಯಿತು. ಈಗ ಅವರೇ ನಮ್ಮ ದೊಡ್ಡ ಡ್ರಮ್ಮಿನವರು, ನಾವೆಲ್ಲ ಶರಣರು ಎಂದೇ ಕರೆಯುತ್ತೇವೆ. ಅಂಗಡಿ ಮಗನ ಕೈಗೆ ಬಿಟ್ಟು ಸೇಡಂನಿಂದ ತಾಲೀಮಿಗೆ ಬರುತ್ತಾರೆ.

ತಾಲೀಮು ವಾರಕ್ಕೊಮ್ಮೆ, ಅಪ್ಪ ದುಡಿಯುತ್ತಿದ್ದ ಕಲ್ಲಿನ ಅಂಗಳದ ಶೆಡ್ಡಿನಲ್ಲಿ, ಮಶೀನು ಬಂದ್ ಇರುವ ರಜೆಯ ದಿನ. ಸುತ್ತ ಒಟ್ಟಿದ ಫರಸಿಗಳು, ಎಲ್ಲದರ ಮೇಲೂ ಹಿಟ್ಟಿನಂತೆ ಬಿಳಿ ಧೂಳು. ಕುರ್ಚಿ ಒರೆಸಿ ಕೂರಬೇಕು, ಏಳುವಾಗ ಬಟ್ಟೆ ಜಾಡಿಸಬೇಕು. ನಾನು ಅಲ್ಲೇ ಬೆಳೆದದ್ದು. ನನಗೆ ಕ್ಲಾರಿನೆಟ್ ಕಲಿಸಿದವರು ನಮ್ಮ ಬ್ಯಾಂಡಿನ ದರ್ಜಿ ಚಾಚಾ. ಹೊಲಿಗೆ ಮಶೀನಿನ ಮೇಲೆ ಒಂದು ಕಾಲಿಟ್ಟು ತಾಳ ಹಾಕುತ್ತ ಕಲಿಸಿದರು. ಅಪ್ಪನಿಗಿಂತ ಸ್ವಲ್ಪ ದೊಡ್ಡವರು, ಲಗ್ನದ ಬ್ಯಾಂಡಿನ ಕಾಲದಿಂದ ಅವನ ಜೊತೆಗಾರರು.

ನಮ್ಮಲ್ಲಿ ಒಂದು ಪದ್ಧತಿ ಉಂಟು. ಕಾರ್ಯಕ್ರಮಕ್ಕೆ ಮೊದಲು ಹಿರಿಯ ಒಂದು ಸುರ ಕೊಡುತ್ತಾನೆ. ಒಂದೇ ಸುರ, ಉಸಿರು ಇರುವಷ್ಟು ಹೊತ್ತು. ಉಳಿದವರು ಒಬ್ಬೊಬ್ಬರಾಗಿ ಅದಕ್ಕೆ ತಮ್ಮ ಸುರ ಕೂಡಿಸುತ್ತಾರೆ. ಹಿತ್ತಾಳೆ ವಾದ್ಯಗಳಲ್ಲಿ ಒಂದು ಜಾರುವ ಕೊಳವೆ ಇರುತ್ತದೆ. ಹೊರಗೆ ಎಳೆದರೆ ಸುರ ಇಳಿಯುತ್ತದೆ, ಒಳಗೆ ಒತ್ತಿದರೆ ಏರುತ್ತದೆ. ಕ್ಲಾರಿನೆಟ್ಟಿನಲ್ಲಿ ಬಾಯಿಯ ಹತ್ತಿರದ ತುಂಡನ್ನು ಎಳೆಯಬೇಕು, ಒತ್ತಬೇಕು. ಅಪ್ಪನ ಸುರಕ್ಕೆ ಕೂಡುವವರೆಗೆ ಎಲ್ಲರೂ ಎಳೆದು ಒತ್ತಿ ಸರಿಮಾಡಿಕೊಳ್ಳುತ್ತಿದ್ದೆವು. ಹಿರಿಯ ಕೊಟ್ಟ ಸುರವನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಕೂಡಲಿಲ್ಲವೆಂದರೆ ತಪ್ಪು ನಮ್ಮದು. ಅಪ್ಪನ ಆ ಸುರ ಫರಸಿಗಳ ನಡುವೆ ಹೊಕ್ಕು ನಮ್ಮ ಕಾಲಡಿಯಿಂದ ಏರಿ ಬರುತ್ತಿತ್ತು. ಚಿಕ್ಕವಳಿದ್ದಾಗ ಅದು ಮುಗಿಯುವುದನ್ನು ಕಾಯುತ್ತ ನಾನೂ ಉಸಿರು ಹಿಡಿದು ನಿಂತು ಸೋಲುತ್ತಿದ್ದೆ.

ಇನ್ನು ಹೇಳುವುದು ಎರಡು ವರ್ಷದ ಹಿಂದಿನ ಮಾತು. ಆ ಹೊತ್ತಿಗೆ ಸೋಲುತ್ತಿರಲಿಲ್ಲ ನಾನು. ಅಪ್ಪನ ಸುರ ಮುಗಿದ ಮೇಲೂ ನನ್ನ ಉಸಿರು ಉಳಿದಿರುತ್ತಿತ್ತು.

ದವಾಖಾನೆಯಲ್ಲಿ ದಿನವೂ ಮಂದಿಯ ಎದೆ ಬೆನ್ನಿನ ಸದ್ದು ಕೇಳುವ ನನಗೆ ಇದರ ಅರ್ಥ ತಿಳಿಯದೇ ಇರುತ್ತದೆಯೇ? ಕೆಲಸದಿಂದ ಬರುವಾಗ ಅಪ್ಪ ಓಣಿಯ ಬಾಯಲ್ಲಿ ನಿಂತು ಯಾರನ್ನಾದರೂ ಮಾತಾಡಿಸತೊಡಗಿದ್ದ. ಮೊದಲೆಲ್ಲ ಯಾರನ್ನೂ ಮಾತಾಡಿಸದೆ ಸರಸರ ಬರುತ್ತಿದ್ದವನು. ನಿಲ್ಲುವುದಕ್ಕೆ ನೆಪ ಬೇಕಿತ್ತು. ಸ್ನಾನಕ್ಕೆ ಕೊಡ ಎತ್ತಿದರೆ ಸಾಕು, ಕೆಮ್ಮು. “ಬೆನ್ನು ತೋರ್ಸು ಅಪ್ಪಾ, ಒಂದ್ಸಲ ಕೇಳ್ತೀನಿ” ಎಂದು ಸ್ಟೆತೋಸ್ಕೋಪು ತೆಗೆದರೆ, “ನಿನ್ನ ನಳಿ ನಿನ್ನ ದವಾಖಾನ್ಯಾಗ ಇಡು. ಮನಿಯಾಗ ನಾ ಪೇಶೆಂಟ್ ಅಲ್ಲ” ಎಂದು ಎದ್ದು ಹೋಗುತ್ತಿದ್ದ.

ಅವನ ಅಂಜಿಕೆ ನನಗೆ ಗೊತ್ತಿತ್ತು. ಕೆಲಸ ಬಿಡು ಎಂದರೆ ಬಿಟ್ಟಾನು. ಆದರೆ ಡಾಕ್ಟರು ಊದಬೇಡ ಅಂದರೆ? ಅವ್ವನ ಹತ್ತಿರ ಒಮ್ಮೆ ಬಾಯಿ ಬಿಟ್ಟಿದ್ದನಂತೆ. “ಊದಾಂವ ಅಂತ ಕುರ್ಚಿ ಕೊಟ್ಟಾರ. ಊದಲಿಲ್ಲಂದ್ರ ಎದ್ದೇಳಂತಾರಿಲ್ಲೋ?” ಅವ್ವ ನನಗೆ ಇದನ್ನು ಹೇಳುವಾಗ ರೊಟ್ಟಿ ತಟ್ಟುವುದನ್ನು ನಿಲ್ಲಿಸಿರಲಿಲ್ಲ. “ಅವಂಗ ಹೇಳಾಕ ನಿನಗ ಧೈರ್ಯ ಇಲ್ಲ, ನನಗ ಮನಸ್ಸಿಲ್ಲ. ಇಬ್ರೂ ಅಂಜಿಕೊಂಡು ಕುಂದ್ರೂಣು” ಅಂದಳು.

ಹೀಗಿರುವಾಗ ಚಿಂಚೋಳಿಯಿಂದ ಕರೆ ಬಂತು. ಅಲ್ಲಿನ ಹೈಸ್ಕೂಲಿನಲ್ಲಿ ಜನವರಿಯ ಧ್ವಜ ಹಾರಿಸುವ ಕಾರ್ಯಕ್ರಮ. ಬ್ಯಾಂಡು ಬಾರಿಸಬೇಕು, ಕೊನೆಯ ಹಾಡಿಗೆ ಶಾಲೆಯ ಹುಡುಗಿಯರು ಬ್ಯಾಂಡಿನ ಜೊತೆ ಹಾಡಬೇಕು. ಅವರ ಸಂಗೀತ ಟೀಚರು ಚಿಕ್ಕ ವಯಸ್ಸಿನವರು, ಉತ್ಸಾಹಿ. ತಾಲೀಮಿಗೆಂದು ಕೀಬೋರ್ಡ್ ಒಂದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಶಹಾಬಾದಕ್ಕೆ ಬಂದರು.

ಕುರ್ಚಿ ಒರೆಸಿ ಕೂರಿಸಿದೆವು. ಅಪ್ಪ ಸುರ ಕೊಟ್ಟ, ನಾವು ಕೂಡಿಸಿದೆವು. ಟೀಚರು ಕೀಬೋರ್ಡಿನ ಮೇಲೆ ಬೆರಳಿಟ್ಟರು. ಒಂದೇ ಓಣಿಯಲ್ಲಿ ಎರಡು ಲಗ್ನ ಎದುರುಬದುರಾದ ಹಾಗೆ ಆಯಿತು. ಅವರದು ಒಂದು ಸುರ, ನಮ್ಮದು ಇನ್ನೊಂದು. ಎಲ್ಲರೂ ನಿಲ್ಲಿಸಿದೆವು.

“ಸೆಲ್ ಇಳಿದಾವೇನ್ರಿ?” ಎಂದು ಡ್ರಮ್ಮಿನ ಶರಣರು ಕೇಳಿದರು.

“ಇಲ್ರಿ, ನಿನ್ನಿ ಹೊಸಾವು ಹಾಕೀನಿ.”

“ಬಸ್ಸಿನ್ಯಾಗ ಅಲುಗಾಡಿ ಏನರ ಸಡ್ಲ ಆಗಿರ್ಬೇಕ್ರಿ” ಎಂದರು ದರ್ಜಿ ಚಾಚಾ.

ಟೀಚರು ಪಾಪ, ಸೆಲ್ ತೆಗೆದರು, ಹಾಕಿದರು, ಉಜ್ಜಿದರು. ಮತ್ತೆ ಅದೇ. ನಾನು ಫೋನು ತೆಗೆದೆ. ಸುರ ಎಷ್ಟು ಎತ್ತರವಿದೆ ಎಂದು ತೋರಿಸುವ ಆ್ಯಪ್ ಅದರಲ್ಲಿತ್ತು. ಕೀಬೋರ್ಡಿಗೆ ಹಿಡಿದರೆ ಮುಳ್ಳು ನಟ್ಟ ನಡುವೆ ನಿಂತಿತು. ನನ್ನ ಕ್ಲಾರಿನೆಟ್ಟಿಗೆ ಹಿಡಿದರೆ ಎಡಕ್ಕೆ, ಭಾಳ ಎಡಕ್ಕೆ ಬಿತ್ತು. ಇಳಿದದ್ದು ಮಶೀನಲ್ಲ, ನಾವು.

ಅಷ್ಟೇನಾ ಎಂದು ಎಲ್ಲರೂ ತಂತಮ್ಮ ಕೊಳವೆ ಒತ್ತತೊಡಗಿದರು. ನೋಡಿದರೆ ಪ್ರತಿಯೊಬ್ಬರದೂ ಒಂದು ಬೆರಳಷ್ಟು ಹೊರಗೆ ಬಂದಿತ್ತು. ಯಾರೂ ಒಮ್ಮೆಲೇ ಎಳೆದದ್ದಲ್ಲ. ವಾರ ವಾರ ಕೂದಲೆಳೆಯಷ್ಟು, ತನ್ನದೇ ತಪ್ಪು ಎಂದುಕೊಂಡು, ಪಕ್ಕದವನಿಗೆ ಹೇಳದೆ ಎಳೆದದ್ದು. ನನ್ನದೂ ಹಾಗೇ. ಹೊರಗೆ ಬಂದ ಭಾಗಕ್ಕೆ ಧೂಳು ಮೆತ್ತಿ ಬಿಳಿಯಾಗಿತ್ತು. ಎಲ್ಲರೂ ಒತ್ತುತ್ತಿದ್ದಾಗ ಅಪ್ಪ ಮಾತ್ರ ಸುಮ್ಮನೆ ಕುಳಿತಿದ್ದ. ನಾನು ಅವನ ಯುಫೋನಿಯಂ ನೋಡಿದೆ. ಅವನ ಕೊಳವೆ ಪೂರ್ತಿ ಒಳಗೇ ಇತ್ತು. ಇನ್ನು ಒತ್ತಲು ಜಾಗವೇ ಇರಲಿಲ್ಲ.

ಉಸಿರು ಸೋತರೆ ಹಿತ್ತಾಳೆಯ ಸುರ ಇಳಿಯುತ್ತದೆ. ಅಪ್ಪನ ಉಸಿರು ಎಷ್ಟು ಇಳಿದಿತ್ತೋ ಅಷ್ಟೂ ಅಲ್ಲಿ ಎಲ್ಲರ ಕೊಳವೆಗಳ ಮೇಲೆ ಕಾಣುತ್ತಿತ್ತು. ಅವನ ಬೆನ್ನ ಮೇಲೆ ನಳಿ ಇಟ್ಟು ಕೇಳುವುದು ಬೇಕಾಗಿರಲಿಲ್ಲ. ಅವನು ಒಬ್ಬನೇ ಇಳಿದಿರಲಿಲ್ಲ. ಅವನ ಬೆನ್ನಿಗೆ ಇಡೀ ಬ್ಯಾಂಡು ಗೊತ್ತಿಲ್ಲದೆ ಇಳಿದು ಬಂದಿತ್ತು.

ದರ್ಜಿ ಚಾಚಾ ಕೂಡ ಅಪ್ಪನ ಕೊಳವೆ ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಅವರು ಈಗಷ್ಟೇ ಒಳಗೆ ಒತ್ತಿದ್ದ ತಮ್ಮ ಕ್ಲಾರಿನೆಟ್ಟಿನ ತುಂಡನ್ನು ಮತ್ತೆ ಹಳೆಯ ಜಾಗಕ್ಕೆ ಎಳೆದುಕೊಂಡರು. ಅವರ ಪಕ್ಕದವರು ಎಳೆದರು. ಅವರಾಚೆಯವರು ಎಳೆದರು. ಡ್ರಮ್ಮಿಗೆ ಕೊಳವೆ ಇಲ್ಲ, ಶರಣರು “ಏನಾತ್ರಿ, ಏನಾತು?” ಎಂದು ಎಲ್ಲರ ಮುಖ ನೋಡುತ್ತಿದ್ದರು.

“ನಿಮ್ಮ ಮಶೀನಿನ್ಯಾಗೇ ಏನೋ ಫರಕ್ ಅದ ಟೀಚರ್” ಎಂದರು ಚಾಚಾ, ಅವರ ಮುಖ ನೋಡದೆ. “ನಮ್ಮ ಬ್ಯಾಂಡ್ ಬಿಲ್ಕುಲ್ ಸರಿ ಅದ.”

ಟೀಚರು ನನ್ನ ಕೈಯಲ್ಲಿದ್ದ ಫೋನನ್ನು ನೋಡಿದರು. ನಾನು ಅದನ್ನು ಪರ್ಸಿಗೆ ಹಾಕಿದೆ. ಕೊನೆಯ ಹಾಡನ್ನು ಆಮೇಲೆ ನೋಡೋಣ ಎಂದುಕೊಂಡು ಅವರು ಸೀರೆಯಲ್ಲಿ ಕೀಬೋರ್ಡ್ ಸುತ್ತಿಕೊಂಡು ಹೋದರು. ಅವರನ್ನು ಬಸ್ಸಿಗೆ ಬಿಟ್ಟು ಬರುವಾಗ ನನಗೆ ಅಳು ಬಂತು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಪ್ರೀತಿಯಿಂದಲೇ ಆದರೂ ಇದು ಸುಳ್ಳು. ಅವನ ಉಸಿರು ಹೋಗುತ್ತಿದೆ, ನಾವೆಲ್ಲ ಕೂಡಿ ಅದು ಅವನ ಕಿವಿಗೆ ಬೀಳದ ಹಾಗೆ ಮಾಡಿದ್ದೇವೆ.

ಆ ವಾರ ನಾನು ಊಟ ಸರಿಯಾಗಿ ಮಾಡಲಿಲ್ಲ. ದವಾಖಾನೆಯಲ್ಲಿ ಯಾರ ಕೆಮ್ಮು ಕೇಳಿದರೂ ತಿರುಗಿ ನೋಡುತ್ತಿದ್ದೆ. ರಜೆಯ ದಿನ ಬೆಳಿಗ್ಗೆ ಅಪ್ಪ ಮನೆಯ ಅಂಗಳದಲ್ಲಿ ಯುಫೋನಿಯಂ ಉಜ್ಜುತ್ತ ಕುಳಿತಿದ್ದ. ಚಹಾ ಕೊಟ್ಟು ಎದುರಿಗೆ ಕುಳಿತೆ.

“ಅಪ್ಪಾ, ಇದರ ಕೊಳವಿ ಪೂರಾ ಒಳಗ ಅದಲ್ಲ.”

“ಹಿತ್ತಾಳಿಗೂ ವಯಸ್ಸಾಗ್ತದವ್ವಾ. ಸುರ ಇಳಿಲಿಕತ್ತದ. ಅದಕ್ಕ ಒತ್ತೀನಿ.”

“ಹಿತ್ತಾಳಿ ಅಲ್ಲಪ್ಪಾ, ನಿನ್ನ ಉಸ್ರು.”

ಅವನು ಬಟ್ಟೆ ಕೆಳಗಿಟ್ಟ. ಸಿಟ್ಟು ಬಂದಾಗ ಅಪ್ಪ ಕೂಗುವುದಿಲ್ಲ, ಮಾಡಿ ತೋರಿಸುತ್ತಾನೆ. ಯುಫೋನಿಯಂ ತೊಡೆಗೆ ಎಳೆದುಕೊಂಡು ಆ ಸುರ ಊದಿದ. ಶುರುವಾದದ್ದು ಚೆನ್ನಾಗಿಯೇ ಇತ್ತು. ಅರ್ಧಕ್ಕೆ ಅದುರಿತು, ಕುಸಿಯಿತು, ಮುರಿಯಿತು. ಆಮೇಲೆ ಕೆಮ್ಮು ಬಂತು. ಅವ್ವ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬೆನ್ನು ನೀವಿದಳು. ಕೆಮ್ಮು ನಿಂತ ಮೇಲೆ ನಾನು ಎಲ್ಲವನ್ನೂ ಹೇಳಿದೆ. ಎಲ್ಲರ ಕೊಳವೆ ಬೆರಳಷ್ಟು ಹೊರಗೆ ಬಂದದ್ದು, ಒಳಗೆ ಒತ್ತಿದ್ದನ್ನು ಅವನಿಗಾಗಿ ಮತ್ತೆ ಎಳೆದುಕೊಂಡದ್ದು. ಅವನು ನೆಲ ನೋಡುತ್ತ ಕೇಳಿದ.

“ನನ್ನ ಸಲುವಾಗಿ ಅವ್ರೆಲ್ಲ ತಪ್ಪು ಊದ್ಲಿಕತ್ತಿದ್ರಾ?”

“ಗೊತ್ತಿದ್ದು ಅಲ್ಲಪ್ಪಾ.”

“ದರ್ಜಿಗಿ ಗೊತ್ತಾಗಿರ್ತದ. ಅಂವನ ಕಿವಿ ಹಂತಾದ್ದು.” ಬಟ್ಟೆ ಮತ್ತೆ ಕೈಗೆತ್ತಿಕೊಂಡು, “ಕಲ್ಬುರ್ಗಿಗಿ ಯಾವಾಗ ಹೋಗೂದು?” ಅಂದ.

ತನ್ನ ಉಸಿರಿಗಾಗಿ ಎಷ್ಟು ಸಲ ಕರೆದರೂ ಬರದವನು, ಬ್ಯಾಂಡಿನ ಸುರ ಕೆಟ್ಟಿತೆಂದು ಬಂದ.

ಕಲಬುರಗಿಯ ದೊಡ್ಡ ದವಾಖಾನೆಯ ಕಾರಿಡಾರಿನಲ್ಲಿ ನಾನು ನರ್ಸಾಗಿರಲಿಲ್ಲ. ಕೈಯಲ್ಲಿ ಎಕ್ಸ್‌ರೇ ಕವರು ಹಿಡಿದ ಎಲ್ಲರ ಹಾಗೆ ಬಾಗಿಲನ್ನೇ ನೋಡುತ್ತ ಕುಳಿತಿದ್ದೆ. ಕವರು ತೆಗೆದು ಬೆಳಕಿಗೆ ಹಿಡಿಯಬಾರದು ಎಂದುಕೊಂಡು, ಹಿಡಿದೇ ಬಿಟ್ಟೆ. ಕರಿ ಹಲಗೆಯ ಮೇಲೆ ಸುಣ್ಣ ಸಿಡಿದ ಹಾಗೆ ಎರಡೂ ಕಡೆ ಬಿಳಿ ಚುಕ್ಕೆ. ಮೊದಲಿಗೆ ಅದು ನಮ್ಮ ತಾಲೀಮಿನ ಶೆಡ್ಡು ನೆನಪಿಸಿತು. ಅಪ್ಪ ನನ್ನ ಮುಖ ನೋಡಿದ, ಎಕ್ಸ್‌ರೇ ನೋಡಲಿಲ್ಲ.

ಡಾಕ್ಟರು ಸುತ್ತಿ ಬಳಸಿ ಹೇಳುವವರಲ್ಲ. ಕಲ್ಲಿನ ಧೂಳು ಒಳಗೆ ಕೂತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಎಂದರು. ಧೂಳಿನ ಕೆಲಸ ಇವತ್ತಿಗೇ ಬಂದ್. ಊದುವುದೂ ಬಂದ್. ಗುಳಿಗೆ, ಉಸಿರಿಗೆ ಎಳೆದುಕೊಳ್ಳುವ ಪಂಪು, ಮೂರು ತಿಂಗಳಿಗೊಮ್ಮೆ ತೋರಿಸುವುದು. ಅಪ್ಪ ಎಲ್ಲಕ್ಕೂ ತಲೆ ಆಡಿಸಿದ. ಏಳುವಾಗ ಒಂದೇ ಮಾತು ಕೇಳಿದ.

“ಬ್ಯಾಂಡಿನ್ಯಾಗ ಬರೇ ಕುಂದರ್ಬಹುದಿಲ್ರಿ ಸಾಹೇಬ್ರ?”

ಡಾಕ್ಟರಿಗೆ ಅರ್ಥವಾಗಲಿಲ್ಲ. “ಕುಂದ್ರಿ, ಅದಕ್ಕೇನು. ಧೂಳಿಲ್ಲದ ಕಡೆ ಕುಂದ್ರಿ” ಎಂದರು.

ಧೂಳಿಲ್ಲದ ಕಡೆ ಎಂದ ಮೇಲೆ ತಾಲೀಮು ಶೆಡ್ಡಿನಿಂದ ನಮ್ಮ ಓಣಿಯ ಬೌದ್ಧ ವಿಹಾರದ ಅಂಗಳಕ್ಕೆ ಬಂತು. ಆದರೆ ಅಪ್ಪ ತಾಲೀಮಿಗೆ ಬರಲಿಲ್ಲ. ಯುಫೋನಿಯಂ ಅಲಮಾರಿಯ ಮೇಲೆ ಕುಳಿತಿತು. ಮನೆಯಲ್ಲೇ ಇದ್ದು, ಬಾಗಿಲು ಮುಂದೆ ಮಾಡಿಕೊಂಡು ಕೇಳುತ್ತಿದ್ದ ಎಂದು ಅವ್ವ ಹೇಳಿದಳು. ಅವನಿಲ್ಲದ ಜಾಗದಲ್ಲಿ ಅವನ ಕುರ್ಚಿ ಹಾಕುತ್ತಿದ್ದೆವು. ಸುರ ಯಾರು ಕೊಡಬೇಕು ಎಂದು ಯಾರೂ ಕೇಳಲಿಲ್ಲ. ದರ್ಜಿ ಚಾಚಾ ಸುಮ್ಮನೆ ಊದಿಬಿಡುತ್ತಿದ್ದರು, ಹಳೆಯ ಜಾಗದಲ್ಲೇ, ಅಪ್ಪ ಬಿಟ್ಟುಹೋದಷ್ಟು ಕೆಳಗೆ. ಒಳಗೆ ಒತ್ತಿರಿ ಎಂದು ಹೇಳಬೇಕಾದವಳು ನಾನು. ಫೋನು ನನ್ನ ಪರ್ಸಿನಲ್ಲಿತ್ತು. “ಮುಂದಿನ ವಾರ ಒತ್ತೂಣು” ಎನ್ನುತ್ತಿದ್ದರು ಚಾಚಾ, ನಾನೇನೂ ಕೇಳದಿದ್ದರೂ. ಮುಂದಿನ ವಾರ ಹೋಗಿ ಚಿಂಚೋಳಿಯ ದಿನವೇ ಬಂತು.

ಅವತ್ತು ಬೆಳಿಗ್ಗೆ ಟೆಂಪೋ ಹತ್ತಲು ಹೋದರೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪಂಪು ಕಿಸೆಯಲ್ಲಿಟ್ಟುಕೊಂಡು ನಿಂತಿದ್ದ. ಇನ್ನೊಂದು ಕಿಸೆಯಲ್ಲಿ ಕಲ್ಲಿನ ತುಂಡು. ಮುಂದಿನ ಸೀಟು ಬಿಟ್ಟುಕೊಟ್ಟರು. ದಾರಿಯುದ್ದಕ್ಕೂ ನನಗೆ ಚಳಿ ಗಾಳಿಯ ಚಿಂತೆ, ಏರಿನ ಚಿಂತೆ. ಅದಕ್ಕಿಂತ ದೊಡ್ಡದು, ಆ ಹುಡುಗಿಯರು ಕೀಬೋರ್ಡಿಗೆ ಹಾಡಿ, ನಾವು ಕೆಳಗೆ ಊದಿ, ಇಡೀ ಶಾಲೆಯ ಎದುರು ಅವರ ಮಾನ ಹೋಗುವ ಚಿಂತೆ.

ಶಾಲೆಯ ಮೈದಾನದಲ್ಲಿ ನಾವು ಕುರ್ಚಿ ಹಾಕಿ ಕುಳಿತೆವು. ಅಪ್ಪ ಕಲ್ಲು ಇಟ್ಟು, ಅಲುಗಾಡಿಸಿ ನೋಡಿ, ತನ್ನ ಜಾಗದಲ್ಲಿ ಕುಳಿತ. ತೊಡೆ ಖಾಲಿ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡ. ಜನ ಬರುತ್ತಲೇ ಇದ್ದರು, ಕುರ್ಚಿ ಸಾಲದಾದವು. ಕುರ್ಚಿಯ ವ್ಯವಸ್ಥೆ ನೋಡುತ್ತಿದ್ದ ಒಬ್ಬರು ಗಡಿಬಿಡಿಯಲ್ಲಿ ನಮ್ಮ ಸಾಲಿಗೆ ಬಂದು, ಅಪ್ಪನ ಖಾಲಿ ಕೈ ನೋಡಿ ನಿಂತರು.

“ಇವ್ರು ಬಾರಿಸಂಗಿಲ್ಲಲ್ರಿ? ಈ ಕುರ್ಚಿ ಸ್ವಲ್ಪ ಕೊಡ್ರಿ. ಮಂದಿ ಭಾಳ ಬಂದಾರ.”

ಅವರಿಗೆ ಏನೂ ಗೊತ್ತಿರಲಿಲ್ಲ. ಕೆಟ್ಟ ಮನಸ್ಸೂ ಇರಲಿಲ್ಲ. ಆದರೆ ನಮ್ಮ ಸಾಲಿನಲ್ಲಿ ಎಲ್ಲರ ವಾದ್ಯ ತೊಡೆಯ ಮೇಲೆ ನಿಂತುಬಿಟ್ಟಿತು. ಅಪ್ಪ ಎರಡೂ ಕೈ ಕುರ್ಚಿಯ ಅಂಚಿಗೆ ಊರಿದ, ಏಳುವವನ ಹಾಗೆ.

ದರ್ಜಿ ಚಾಚಾ ಒಂದು ಕೈ ಅಪ್ಪನ ತೊಡೆಯ ಮೇಲಿಟ್ಟು ಒತ್ತಿದರು. “ಇದರ ಮ್ಯಾಲ ಕುಂತವ್ರೂ ಮಂದಿನೇ ಅದಾರ್ರಿ” ಎಂದರು.

ಡ್ರಮ್ಮಿನ ಶರಣರು ಎದ್ದು, “ನಾ ನಿಂತು ಬಾರಿಸ್ತೀನಿ, ದೊಡ್ಡ ಡ್ರಮ್ಮಿಗಿ ನಡೀತದ. ನಂದು ಒಯ್ರಿ” ಎಂದು ತಮ್ಮ ಕುರ್ಚಿ ಮಡಚಿ ಕೊಟ್ಟರು. ನಮ್ಮ ಬ್ಯಾಂಡಿನ ಕಟ್ಟಳೆ ಮೊದಲ ಸಲ ಮುರಿಯಿತು. ಅಪ್ಪ ಏಳಲಿಲ್ಲ.

ಆಮೇಲೆ ವಾದ್ಯ ಎತ್ತಿಕೊಂಡೆವು. ಸುರ ಕೊಡುವ ಹೊತ್ತು. ಎದುರಿಗೆ ಹುಡುಗಿಯರು ಎರಡು ಸಾಲು ನಿಂತು ನಮ್ಮನ್ನೇ ನೋಡುತ್ತಿದ್ದರು. ಟೀಚರು ಕೀಬೋರ್ಡಿನ ಹಿಂದೆ ತುಟಿ ಕಚ್ಚಿಕೊಂಡಿದ್ದರು. ಚಾಚಾ ಕ್ಲಾರಿನೆಟ್ ಎತ್ತಿ ಸುರ ಕೊಟ್ಟರು. ಅದೇ ಹಳೆಯದು, ಅಪ್ಪನದು. ನಾವೆಲ್ಲ ಅದಕ್ಕೆ ಕೂಡಿಸತೊಡಗಿದಾಗ ಅಪ್ಪ ತನ್ನ ಬಲಗೈ ಎತ್ತಿದ. ತೋರುಬೆರಳು ಮೇಲಕ್ಕೆ.

ಚಾಚಾ ನೋಡಿಯೂ ನೋಡದವರ ಹಾಗೆ ಊದುತ್ತಲೇ ಇದ್ದರು.

“ಏ ದರ್ಜಿ, ಮ್ಯಾಲ” ಎಂದ ಅಪ್ಪ. ಮುಂದಿನ ಸಾಲಿನ ಮಕ್ಕಳು ನಕ್ಕರು.

ಚಾಚಾ ಊದುವುದನ್ನು ನಿಲ್ಲಿಸಿದರು. ಅಪ್ಪ ಕೀಬೋರ್ಡಿನ ಕಡೆ ತಲೆ ಹಾಕಿ ಸನ್ನೆ ಮಾಡಿದ. ಟೀಚರು ಅದರ ಒಂದು ಕೀ ಒತ್ತಿ ಹಿಡಿದರು. ಆ ಸುರ ಮೈದಾನದ ಮೇಲೆ ನಿಂತಿತು, ಮುಗಿಯದೆ, ಅದುರದೆ. ಚಾಚಾ ಕಣ್ಣು ಒರೆಸಿಕೊಂಡು ತಮ್ಮ ತುಂಡನ್ನು ಒಳಗೆ ಒತ್ತಿದರು. ಪಕ್ಕದವರು ಒತ್ತಿದರು. ಹಿತ್ತಾಳೆಯವರು ಒಬ್ಬೊಬ್ಬರಾಗಿ ಒತ್ತಿದರು. ಬೆರಳು ಇನ್ನೂ ಮೇಲೇ ಇತ್ತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಅದು ಅಲುಗುತ್ತಿತ್ತು. ಬ್ಯಾಂಡು ಏರುತ್ತಿತ್ತು.

ನನ್ನ ಕ್ಲಾರಿನೆಟ್ಟಿನಲ್ಲಿ ಹೊರಗೆ ಬಂದ ಆ ಬೆರಳಷ್ಟು ಜಾಗಕ್ಕೆ ಶೆಡ್ಡಿನ ಬಿಳಿ ಧೂಳು ಇನ್ನೂ ಮೆತ್ತಿತ್ತು. ನಾನು ಒರೆಸಿರಲಿಲ್ಲ. ಒತ್ತಿದರೆ ಅಪ್ಪನ ಉಸಿರು ಇದ್ದ ಜಾಗವನ್ನು ಬಿಟ್ಟು ಹೋಗಬೇಕು. ಎಲ್ಲರೂ ಹೋಗಿಯಾಗಿತ್ತು, ನಾನೊಬ್ಬಳು ಕೆಳಗೆ ಉಳಿದಿದ್ದೆ. ಅಪ್ಪ ನನ್ನನ್ನೇ ನೋಡುತ್ತಿದ್ದ.

ನಾನು ಒತ್ತಿದೆ. ಅವನು ಬೆರಳು ಇಳಿಸಲಿಲ್ಲ. ಇನ್ನೊಂದು ಚೂರು ಒತ್ತಿದೆ.